ಡಿಸ್ಚಾರ್ಜ್ ಆದ ಮೇಲಿನ ಎರಡು ವಾರ

ಹನ್ನೆರಡು ದಿನದ ಹಿಂದೆ ನಾನೇ ಮನೆಗೆ ಕಳಿಸಿದ್ದವರು ಮತ್ತೆ ವಾರ್ಡಿಗೆ ಬಂದಿದ್ದರು. ಮಲಗಿದರೆ ಉಸಿರು ಕಟ್ಟುತ್ತೆ, ಮೂರು ರಾತ್ರಿಯಿಂದ ಕೂತೇ ಇದ್ದೀನಿ ಅಂದರು. ಮೊಣಕಾಲಿನ ಕೆಳಗೆ, ಮೂಳೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿದೆ. ಬೆರಳು ತೆಗೆದ ಮೇಲೂ ಕುಳಿ ಹಾಗೇ ನಿಂತಿತ್ತು. ಮೈತುಂಬ ನೀರು.

ಹಳೆಯ ಚೀಟಿ ತೆಗೆದು ನೋಡಿದೆ. ಬರೆದಿದ್ದ ಔಷಧಿಗಳೆಲ್ಲ ಸರಿಯಾಗೇ ಇದ್ದವು. ಆದರೆ ಎಲ್ಲದಕ್ಕೂ ಆರಂಭದ ಡೋಸ್. ಕೆಳಗೆ ನನ್ನದೇ ಅಕ್ಷರದಲ್ಲಿ, 'ಒಂದು ತಿಂಗಳ ನಂತರ ಬನ್ನಿ'. ಅಷ್ಟು ದಿನ ಕಾಯುವ ಶಕ್ತಿ ಅವರ ಹೃದಯಕ್ಕೆ ಇರಲಿಲ್ಲ.

ಹೃದಯ ವೈಫಲ್ಯದ, ಅಂದರೆ ಹೃದಯಕ್ಕೆ ಸಾಕಷ್ಟು ರಕ್ತ ತಳ್ಳಲಾಗದ ಕಾಯಿಲೆಯ, ವಿಶೇಷ ಕೇಂದ್ರದಲ್ಲಿ ಕೆಲಸ ಮಾಡುವ ನನಗೆ ಅವತ್ತಿನ ತನಕ ನಿಧಾನವೇ ಸುರಕ್ಷಿತ ಅನ್ನೋ ನಂಬಿಕೆ ಇತ್ತು. ಬಿಪಿ ಬಿದ್ದರೆ? ಪೊಟ್ಯಾಸಿಯಂ ಏರಿದರೆ? ಕಿಡ್ನಿಗೆ ತೊಂದರೆ ಆದರೆ? ಇವು ಸುಮ್ನೆ ಬಂದ ಭಯಗಳಲ್ಲ. ಆದರೆ ಡೋಸ್ ಏರಿಸದೆ ಇದ್ದರೂ ಅಪಾಯ ಇದೆ ಅನ್ನೋದನ್ನು ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ.

2022ರಲ್ಲಿ ಬಂದ ಸ್ಟ್ರಾಂಗ್-ಎಚ್‌ಎಫ್ ಅಧ್ಯಯನ ನನ್ನ ಅಭ್ಯಾಸವನ್ನೇ ಬದಲಿಸಿತು. 1,078 ರೋಗಿಗಳು. ಅರ್ಧದಷ್ಟು ಜನರಿಗೆ ಎಂದಿನ ಚಿಕಿತ್ಸೆ. ಉಳಿದವರಿಗೆ ಮನೆಗೆ ಹೋಗುವ ಮೊದಲೇ ಡೋಸ್ ಏರಿಸೋಕೆ ಶುರು ಮಾಡಿ, ಎರಡೇ ವಾರದಲ್ಲಿ ಪೂರ್ತಿ ಡೋಸ್ ಮುಟ್ಟಿಸೋ ಪ್ರಯತ್ನ. ಜೊತೆಗೆ ಪದೇ ಪದೇ ತಪಾಸಣೆ. 180 ದಿನದೊಳಗೆ ಸತ್ತವರು ಅಥವಾ ಹೃದಯ ವೈಫಲ್ಯದಿಂದ ಮತ್ತೆ ದಾಖಲಾದವರು ಎಂದಿನ ಚಿಕಿತ್ಸೆಯಲ್ಲಿ ಶೇ. 23.3, ಬೇಗ ಏರಿಸಿದವರಲ್ಲಿ ಶೇ. 15.2. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತು ಅಂದರೆ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು.

ಈಗ ನಾನು ಮಾಡೋದು ಹೀಗೆ. ಹೃದಯ ಒಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಎಷ್ಟು ಪಾಲು ಹೊರತಳ್ಳುತ್ತೆ ಅನ್ನೋ ಅಳತೆ, ಅಂದರೆ ಇಜೆಕ್ಷನ್ ಫ್ರ್ಯಾಕ್ಷನ್, ಶೇ. 40 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ನಾಲ್ಕು ಬಗೆಯ ಔಷಧಿ ಬೇಕು: ಸಕ್ಯುಬಿಟ್ರಿಲ್-ವಾಲ್ಸಾರ್ಟನ್, ನಾಡಿ ನಿಧಾನ ಮಾಡೋ ಬೀಟಾ ಬ್ಲಾಕರ್, ಸ್ಪೈರನೊಲ್ಯಾಕ್ಟೋನ್ ತರಹದ್ದು ಒಂದು, ಡಾಪಾಗ್ಲಿಫ್ಲೋಜಿನ್ ತರಹದ್ದು ಒಂದು. ಒಂದು ಮುಗಿಸಿ ಇನ್ನೊಂದು ಅಂತ ಕಾಯಲ್ಲ. ನಾಲ್ಕನ್ನೂ ಸಣ್ಣ ಡೋಸಿನಲ್ಲಿ ಬೇಗ ಕೂಡಿಸಿಕೊಂಡು ಆಮೇಲೆ ಏರಿಸುತ್ತೇನೆ. ಬೀಟಾ ಬ್ಲಾಕರ್ ಒಂದಕ್ಕೆ ಮಾತ್ರ ಮೈಯ ನೀರು ಇಳಿಯೋ ತನಕ ತಡೆಯುತ್ತೇನೆ. ಒಂದು ಕಾಲದಲ್ಲಿ ಇದನ್ನು ಸೋತ ಹೃದಯಕ್ಕೆ ವಿಷ ಅಂತಲೇ ತಿಳಿದಿದ್ದರು. 1975ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ವಾಗ್‌ಸ್ಟೈನ್ ಮತ್ತು ಜೊತೆಗಾರ ವೈದ್ಯರು ಇದರಿಂದ ಸುಧಾರಿಸಿಕೊಂಡ ಏಳೇ ಏಳು ರೋಗಿಗಳ ಅನುಭವ ಪ್ರಕಟಿಸಿದರು. ಜಗತ್ತು ಒಪ್ಪಿಕೊಳ್ಳೋಕೆ ಎರಡು ದಶಕಕ್ಕೂ ಜಾಸ್ತಿ ಹಿಡಿಯಿತು.

ಮೊದಲ ಆರು ವಾರದಲ್ಲಿ ನಾಲ್ಕು ಸಲ ನೋಡುತ್ತೇನೆ: ಒಂದು, ಎರಡು, ಮೂರು, ಆರನೇ ವಾರ. ಪ್ರತಿ ಸಲ ರಕ್ತದಲ್ಲಿ ಪೊಟ್ಯಾಸಿಯಂ, ಕಿಡ್ನಿ ಹೇಗಿದೆ ಅಂತ ತಿಳಿಸೋ ಕ್ರಿಯಾಟಿನಿನ್. ಮೇಲಿನ ಬಿಪಿ 95ಕ್ಕಿಂತ ಕೆಳಗೆ, ಅಥವಾ ನಾಡಿ 55ಕ್ಕಿಂತ ಕೆಳಗೆ ಹೋದರೆ ಆ ವಾರ ಏರಿಸಲ್ಲ. ಬಿಪಿ 100 ಇದೆ, ಆದರೆ ರೋಗಿ ಆರಾಮಾಗಿ ನಡೆದು ಬಂದಿದ್ದಾರೆ, ತಲೆಸುತ್ತಿಲ್ಲ? ಮುಂದುವರಿಸುತ್ತೇನೆ. ಇಲ್ಲೇ ನಾನು ಮೊದಲು ಜಾಸ್ತಿ ಹೆದರುತ್ತಿದ್ದದ್ದು. ಯಂತ್ರದ ಅಂಕಿ ನೋಡುತ್ತಿದ್ದೆ, ಎದುರಿಗೆ ಕೂತವರ ಮುಖ ನೋಡುತ್ತಿರಲಿಲ್ಲ.

ಮನೆಯಲ್ಲಿ ಮಾಡೋಕೆ ಒಂದು ಕೆಲಸ ಕೊಡುತ್ತೇನೆ. ಬೆಳಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಏನೂ ತಿನ್ನದೆ ತೂಕ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಮೂರು ದಿನದಲ್ಲಿ ಎರಡು ಕಿಲೋ ಏರಿತು ಅಂದರೆ ಅದು ಕೊಬ್ಬಲ್ಲ, ನೀರು. ಕಾಲು ಊದೋ ತನಕ ಕಾಯದೆ ಅವತ್ತೇ ನಮಗೆ ಫೋನ್ ಮಾಡಬೇಕು. ಇಷ್ಟೆಲ್ಲ ಹೇಳಿದ ಮೇಲೂ ಮಂಡಿನೋವಿಗೆ ಅಂತ ತಾವೇ ಐಬುಪ್ರೊಫೆನ್ ತಗೊಂಡು ನೀರು ತುಂಬಿಸಿಕೊಂಡವರನ್ನು ಎಷ್ಟೋ ಸಲ ನೋಡಿದ್ದೇನೆ. ಈಗ ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಡುತ್ತೇನೆ.

ಸಂಶೋಧನೆಗೆ ಸೇರಿ ಅಂತ ರೋಗಿಗಳನ್ನು ಕೇಳುವಾಗ ನನಗೆ ಇವತ್ತಿಗೂ ಮನಸ್ಸು ಭಾರವಾಗುತ್ತದೆ. ಒಪ್ಪಿಗೆ ಪತ್ರವನ್ನು ನಾನೇ ಓದಿ ಹೇಳುತ್ತೇನೆ, ಮನೆಯವರು ಜೊತೆಗಿರುವಾಗ. "ನನಗೆ ಸಿಗ್ತಿರೋದು ನಿಜವಾದ ಮಾತ್ರೇನಾ, ಔಷಧಿ ಇಲ್ಲದ ಖಾಲಿ ಮಾತ್ರೇನಾ?" ಅಂತ ಕೇಳುತ್ತಾರೆ. ನಿಮಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ, ಹಾಗೆ ಮುಚ್ಚಿಟ್ಟರೇನೇ ಫಲಿತಾಂಶ ನಂಬಬಹುದು ಅಂತ ಹೇಳುತ್ತೇನೆ. ಬೇಡ ಅಂದರೂ ಚಿಕಿತ್ಸೆಯಲ್ಲಿ ಕೂದಲಷ್ಟೂ ಕಡಿಮೆ ಆಗಲ್ಲ ಅನ್ನೋದನ್ನು ಎರಡು ಸಲ ಹೇಳುತ್ತೇನೆ. ಇವತ್ತು ನಾನು ಬರೆಯುವ ಪ್ರತಿ ಔಷಧಿಯ ಹಿಂದೆ ಹೀಗೆ ಒಪ್ಪಿಕೊಂಡ ಸಾವಿರಾರು ಜನ ಇದ್ದಾರೆ ಅಲ್ವಾ? 2014ರ ಪ್ಯಾರಡೈಮ್-ಎಚ್‌ಎಫ್ ಅಧ್ಯಯನ ಒಂದರಲ್ಲೇ ಎಂಟು ಸಾವಿರಕ್ಕೂ ಮಿಕ್ಕಿ.

ಹನ್ನೆರಡನೇ ದಿನ ಮರಳಿ ಬಂದವರ ಕತೆಗೆ ಬರುತ್ತೇನೆ. ಈ ಸಲ ಹತ್ತಿರವಿದ್ದು ಡೋಸ್ ಏರಿಸಿದೆ. ಹಿಗ್ಗಿ ತೆಳುವಾಗಿದ್ದ ಅವರ ಹೃದಯದ ಇಜೆಕ್ಷನ್ ಫ್ರ್ಯಾಕ್ಷನ್ ಒಂದು ವರ್ಷದಲ್ಲಿ ಶೇ. 24ರಿಂದ 52ಕ್ಕೆ ಬಂತು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಪರದೆ ನೋಡುತ್ತಾ ನನ್ನ ಕಣ್ಣು ತುಂಬಿತು. ಅವರು ಕೇಳಿದ್ದು ಒಂದೇ: "ಡಾಕ್ಟ್ರೇ, ಇನ್ನು ಮಾತ್ರೆ ನಿಲ್ಲಿಸಬಹುದಾ?"

ಟ್ರೆಡ್-ಎಚ್‌ಎಫ್ ಅಧ್ಯಯನದ ವಿಷಯ ಹೇಳಿದೆ. ಇವರ ಹಾಗೇ ಚೇತರಿಸಿಕೊಂಡಿದ್ದ 51 ಜನ. ಅವರಲ್ಲಿ 25 ಜನರ ಔಷಧಿಯನ್ನು ಹಂತ ಹಂತವಾಗಿ ನಿಲ್ಲಿಸಿದರು. ಆರು ತಿಂಗಳೊಳಗೆ 11 ಜನರ ಹೃದಯ ಮತ್ತೆ ಸೋಲತೊಡಗಿತು. ಔಷಧಿ ಮುಂದುವರಿಸಿದವರಲ್ಲಿ ಆ ಆರು ತಿಂಗಳು ಒಬ್ಬರಿಗೂ ಹಾಗಾಗಲಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆ ಹನ್ನೊಂದು ಜನ ಏನಾದರು?" ಅಂತ ಕೇಳಿದರು. ಮತ್ತೆ ಔಷಧಿ ಶುರು ಮಾಡಿದ ಮೇಲೆ ಹೆಚ್ಚಿನವರು ಸುಧಾರಿಸಿಕೊಂಡರು ಅಂದೆ. ತಲೆಯಾಡಿಸಿದರು. ಚೀಲದಿಂದ ತೂಕದ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟು, ಪುಟ ಮುಗಿದಿದೆ, ಇನ್ನೊಂದು ಕೊಡಿ ಅಂದರು.