ವ್ಯಾನನ್ನು ಕ್ಯಾಂಪರ್ ಮಾಡ್ತೀರಾ? ಟೈರ್ ಮೇಲಿನ ನಂಬರ್ ಮೊದಲು ಓದಿ

ವ್ಯಾನಿಗೆ ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕ್ ಕೂಡಿಸಿ ಹುಬ್ಬಳ್ಳಿಯಿಂದ ಕಾರವಾರದ ಕಡೆ ಹೊರಡೋ ಪ್ಲಾನ್ ಇದ್ರೆ, ಮೊದಲು ಟೈರಿನ ಸೈಡ್ ನೋಡಿ.

ಅಲ್ಲಿ 195/75 ಆರ್16ಸಿ 107/105ಆರ್ ಅಂತ ಇದೆ ಅಂದ್ಕೊಳ್ಳಿ. ಸೈಜ್ ಎಲ್ಲರೂ ನೋಡ್ತಾರೆ, ಕೊನೆಯ ನಂಬರ್ ಯಾರೂ ಕೇಳಲ್ಲ. ಆದರೆ ಅದೇ ಮುಖ್ಯ. 107 ಅಂದ್ರೆ ಒಂದು ಟೈರ್ 975 ಕೆಜಿ ಹೊರುತ್ತದೆ. ಹಿಂದೆ ಜೋಡಿ ಟೈರ್ ಇದ್ದರೆ 105ರ ಲೆಕ್ಕ, ಅಂದ್ರೆ ಒಂದಕ್ಕೆ 925 ಕೆಜಿ. ಕೊನೆಯ ಆರ್ ಅಕ್ಷರ ಗಂಟೆಗೆ 170 ಕಿಮೀ ಮಿತಿ ಹೇಳುತ್ತದೆ, ಕ್ಯೂ ಇದ್ರೆ 160, ಎಸ್ ಇದ್ರೆ 180. ಕ್ಯಾಂಪರ್ ಅಷ್ಟು ಓಡಲ್ಲ ಬಿಡಿ, ನಮಗೆ ತೂಕದ್ದೇ ಚಿಂತೆ.

ತೂಕ ಅಂದಾಜು ಮಾಡಬೇಡಿ. ನೂರು ಲೀಟರ್ ನೀರು ಅಂದ್ರೇನೇ ನೂರು ಕೆಜಿ ಅಲ್ವಾ? ನೀರು, ಡೀಸೆಲ್, ಸಾಮಾನು, ಮನೆಮಂದಿ ಎಲ್ಲ ತುಂಬಿಸಿಕೊಂಡು ವೇ ಬ್ರಿಡ್ಜ್‌ಗೆ ಹೋಗಿ, ಮುಂದಿನ ಗಾಲಿ ಮಾತ್ರ ಹತ್ತಿಸಿ ಒಂದು ಸಲ, ಹಿಂದಿನದು ಮಾತ್ರ ಇನ್ನೊಂದು ಸಲ ತೂಗಿಸಿ. ಹಿಂದೆ ಒಂಟಿ ಟೈರ್ ಇದ್ದು 1,800 ಕೆಜಿ ಬಂದರೆ ಒಂದೊಂದಕ್ಕೆ 900 ಬಿತ್ತು. ಆದರೆ ಟ್ಯಾಂಕ್, ಒಲೆ ಎಲ್ಲ ಒಂದೇ ಬದಿಗಿದ್ದರೆ ಆ ಬದಿಯ ಟೈರ್ ಮಿತಿ ದಾಟಿರಬಹುದು, ಅದಕ್ಕೇ ನಾನಂತೂ ಭಾರ ಮಿತಿಗಿಂತ ನೂರು ಕೆಜಿಯಾದರೂ ಕಡಿಮೆ ಇರಲಿ ಅಂತೀನಿ.

ಗಾಳಿ ಕಡಿಮೆ ಇದ್ರೆ ಈ ಲೆಕ್ಕ ಯಾವುದೂ ನಿಲ್ಲಲ್ಲ. ಟೈರ್ ಬಾಗಿ ಬಾಗಿ ಬಿಸಿಯಾಗುತ್ತದೆ, ಏಪ್ರಿಲ್ ಬಿಸಿಲಲ್ಲಿ ಅರಬೈಲ್ ಘಾಟ್ ಇಳಿಯುವಾಗ ಒಡೆದರೆ ಗತಿ ಏನು? ಬೆಳಿಗ್ಗೆ ಟೈರ್ ತಣ್ಣಗಿದ್ದಾಗಲೇ ಚೆಕ್ ಮಾಡಿಸಿ, ಸ್ಟೆಪ್ನಿಯದ್ದೂ ಸೇರಿಸಿ.