ಸೆಡಾನ್‌ಗೆ ದೊಡ್ಡ ಅಲಾಯ್, ಅಗಲದ ಟೈರ್: ಎಲ್ಲೂ ಉಜ್ಜದ ಹಾಗೆ ಹಾಕ್ಸೋದು ಹೇಗೆ

ತುಮಕೂರಲ್ಲಿ ಅಲಾಯ್ ಹಾಕ್ಸಕ್ಕೆ ಹೋಗೋರು ಅಂಗಡೀಲಿ ಕೇಳೋ ಮೊದಲ ಪ್ರಶ್ನೆನೇ "ಇದಕ್ಕೆ 16 ಕೂರುತ್ತಾ, 17 ಕೂರುತ್ತಾ" ಅಂತ. ಕೂರೋದೇನೋ ಕೂರುತ್ತೆ. ಉಜ್ಜುತ್ತಾ ಇಲ್ವಾ ಅನ್ನೋದು ಟೈರಿನ ಒಟ್ಟು ಎತ್ತರ, ಅಗಲ, ರಿಮ್ಮಿನ ಆಫ್‌ಸೆಟ್, ಜೊತೆಗೆ ಕಾರಲ್ಲಿ ಎಷ್ಟು ಲೋಡ್ ಇದೆ ಅನ್ನೋದರ ಮೇಲೆ ಹೋಗುತ್ತೆ. ಈ ಲೋಡ್ ವಿಷಯಾನೇ ಜಾಸ್ತಿ ಜನ ಮರೆಯೋದು. ಅಂಗಡಿ ಮುಂದೆ ಖಾಲಿ ಕಾರಲ್ಲಿ ಎಲ್ಲಾ ನೀಟಾಗಿರುತ್ತೆ, ಭಾನುವಾರ ಮನೆಯೋರ್ನೆಲ್ಲಾ ಕೂರಿಸ್ಕೊಂಡು ಡಿಕ್ಕಿ ತುಂಬಿಸ್ಕೊಂಡು ದೇವರಾಯನದುರ್ಗ ಹತ್ತೋವಾಗ ತಿರುವಲ್ಲಿ ಜರ್ರ್ ಅಂತ ಶುರುವಾಗುತ್ತೆ.

ಮೊದಲು ಎತ್ತರದ ಲೆಕ್ಕ ಹಾಕ್ಕೊಳಿ. ಟೈರ್ ಮೇಲೆ 175/65 ಆರ್15 ಅಂತಿದ್ರೆ 175 ಅನ್ನೋದು ಅಗಲ ಎಂಎಂ‌ನಲ್ಲಿ, 65 ಅಂದ್ರೆ ಸೈಡ್‌ವಾಲ್ ಎತ್ತರ ಆ ಅಗಲದ ನೂರಕ್ಕೆ 65 ಭಾಗ, 15 ರಿಮ್ಮಿನ ಇಂಚು. ರಿಮ್ ಇಂಚನ್ನ 25.4ರಿಂದ ಗುಣಿಸಿ ಎರಡು ಸೈಡ್‌ವಾಲ್ ಕೂಡಿಸಿದ್ರೆ ಒಟ್ಟು ಎತ್ತರ ಸಿಗುತ್ತೆ, ಇದರಲ್ಲಿ ಸುಮಾರು 608 ಎಂಎಂ. ಹೊಸ ಟೈರ್ ಇದಕ್ಕಿಂತ ನೂರಕ್ಕೆ ಎರಡರ ಒಳಗೇ ಹೆಚ್ಚುಕಮ್ಮಿ ಇರ್ಲಿ, ಮೂರು ದಾಟಲೇಬಾರದು, ಯಾಕಂದ್ರೆ ಎತ್ತರ ಜಾಸ್ತಿ ಆದ್ರೆ ಲೈನರಿಗೆ (ಚಕ್ರದ ಗೂಡಿನೊಳಗಿನ ಪ್ಲಾಸ್ಟಿಕ್ ಹೊದಿಕೆ) ತಾಗೋದು ಒಂದು ಕಡೆ, ಸ್ಪೀಡೋಮೀಟರ್ 100 ತೋರಿಸೋವಾಗ ನಿಜವಾದ ಸ್ಪೀಡ್ ಮೊದಲಿಗಿಂತ ಜಾಸ್ತಿ ಇರುತ್ತೆ ಅನ್ನೋದು ಇನ್ನೊಂದು ಕಡೆ, ಪಿಕಪ್ಪೂ ಸ್ವಲ್ಪ ಮಂಕಾಗುತ್ತೆ.

ಉದಾಹರಣೆಗೆ 2017ರ ಫೇಸ್‌ಲಿಫ್ಟ್ ಹೋಂಡಾ ಸಿಟಿ ತಗೊಳಿ. ಕೆಳಗಿನ ವೇರಿಯಂಟ್‌ಗೆ ಕಂಪನಿ ಕೊಟ್ಟಿದ್ದು 175/65 ಆರ್15, ಟಾಪ್ ವೇರಿಯಂಟ್‌ಗೆ 185/55 ಆರ್16. ಎರಡೂ ಎತ್ತರದಲ್ಲಿ ಹೆಚ್ಚುಕಮ್ಮಿ ಒಂದೇ, ವ್ಯತ್ಯಾಸ ಒಂದೂವರೆ ಎಂಎಂ ಅಷ್ಟೇ. ಅಲ್ಲಿಂದ ಮೇಲಕ್ಕೆ ಹೋಗೋದಾದ್ರೆ 205/50 ಆರ್16 ಸುಮಾರು 611 ಎಂಎಂ, ಚೆನ್ನಾಗಿದೆ. 195/55 ಆರ್16 ಸುಮಾರು 621, ಎರಡು ಪರ್ಸೆಂಟ್ ಗಡಿ ಮೇಲೇ ನಿಂತಿರುತ್ತೆ. 205/45 ಆರ್17 ಸುಮಾರು 616, ಲೆಕ್ಕದಲ್ಲಿ ಪಾಸ್, ಆದ್ರೆ ಸೈಡ್‌ವಾಲ್ 92 ಎಂಎಂಗೆ ಇಳಿಯುತ್ತೆ, 15 ಇಂಚಲ್ಲಿ ಅದು 114 ಇತ್ತು. ಸಿರಾ ರೋಡ್ ಹೈವೇಲೇ ಓಡಾಡೋರಿಗೆ ಓಕೆ, ಊರೊಳಗೆ ಅಗೆದು ಮುಚ್ಚಿದ ರೋಡಲ್ಲಿ ದಿನಾ ಓಡಿಸೋರಿಗೆ ರಿಮ್ ಬೆಂಡಾಗೋದು, ಟೈರ್ ಸೈಡಲ್ಲಿ ಗುಳ್ಳೆ ಏಳೋದು ಇದ್ದಿದ್ದೇ. ನನ್ನ ಕೇಳಿದ್ರೆ ಈ ಸೈಜಿನ ಕಾರಿಗೆ 16 ಸಾಕು. ಟೈರ್ ತಗೊಳೋವಾಗ ಲೋಡ್ ಇಂಡೆಕ್ಸ್ ನೋಡೋದನ್ನ ಮಾತ್ರ ಬಿಡ್ಬೇಡಿ, 84 ಅಂದ್ರೆ ಒಂದು ಟೈರ್ 500 ಕೆಜಿ ಹೊರುತ್ತೆ, 87 ಅಂದ್ರೆ 545. ಕಂಪನಿ ಹೇಳಿದ್ದಕ್ಕಿಂತ ಕಮ್ಮಿ ಇರೋದು ಎಷ್ಟೇ ಸೋವಿಗೆ ಸಿಕ್ಕಿದ್ರೂ ಬೇಡ.

ಈಗ ಆಫ್‌ಸೆಟ್. ನಿಜವಾಗ್ಲೂ ಉಜ್ಜೋದು ಬಹುತೇಕ ಇಲ್ಲಿಂದಾನೇ. ರಿಮ್ ಮೇಲೆ ಇಟಿ45, ಇಟಿ38 ಅಂತ ಬರೆದಿರುತ್ತೆ, ರಿಮ್ಮಿನ ಮಧ್ಯದ ಗೆರೆಯಿಂದ ಹಬ್‌ಗೆ (ಕಾರಲ್ಲಿ ಚಕ್ರ ಬಿಗಿಯೋ ಜಾಗ) ಕೂರೋ ಮುಖ ಎಷ್ಟು ಎಂಎಂ ಹೊರಗಡೆಗೆ ಇದೆ ಅನ್ನೋ ಲೆಕ್ಕ ಅದು. ನಂಬರ್ ಕಮ್ಮಿ ಆದಷ್ಟೂ ಚಕ್ರ ಆಚೆಗೆ ಬರುತ್ತೆ. ನಿಮ್ಮ ಹಳೇ ರಿಮ್ 5.5ಜೆ (ಜೆ ಮುಂದಿನ ನಂಬರ್ ರಿಮ್ಮಿನ ಅಗಲ, ಇಂಚಲ್ಲಿ) ಇಟಿ45 ಇದೆ, ಅಂಗಡಿಯೋರು 7ಜೆ ಇಟಿ38 ತೋರಿಸ್ತಿದಾರೆ ಅಂದ್ಕೊಳಿ. ಅಗಲ ಒಂದೂವರೆ ಇಂಚು ಜಾಸ್ತಿ ಆಯ್ತು, ಅಂದ್ರೆ 38 ಎಂಎಂ, ಅದರಲ್ಲಿ ಅರ್ಧ 19 ಎಂಎಂ ಒಳಗೆ, 19 ಎಂಎಂ ಆಚೆಗೆ. ಆಫ್‌ಸೆಟ್ 7 ಎಂಎಂ ಕಮ್ಮಿ ಆಗಿರೋದ್ರಿಂದ ಆಚೆಗೆ ಒಟ್ಟು 26, ಒಳಗೆ 12. ಈ ಎರಡು ನಂಬರ್ ಕೈಲಿಟ್ಕೊಂಡು ನಿಮ್ಮ ಕಾರಲ್ಲಿ ಅಳೀರಿ, ಹಳೇ ಟೈರ್ ಹೊರಮೈಯಿಂದ ಫೆಂಡರ್ (ಚಕ್ರದ ಮೇಲಿನ ಬಾಡಿ) ಅಂಚಿಗೆ ಎಷ್ಟು ಜಾಗ ಇದೆ, ಒಳಗಡೆ ಟೈರಿಗೂ ಸ್ಟ್ರಟ್ಟಿಗೂ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಇರೋ ಕಂಬ) ಮಧ್ಯೆ ಎಷ್ಟಿದೆ ಅಂತ. ಒಳಗಡೆ ಹೊಸ ಟೈರ್ ಕೂತ್ಮೇಲೂ ಕನಿಷ್ಠ 5-6 ಎಂಎಂ ಉಳೀಬೇಕು. ಇಲ್ಲ ಅಂದ್ರೆ ಆ ರಿಮ್ ಬಿಟ್ಬಿಡಿ, ಒಳಗೆ ತಾಗಿದ್ರೆ ಸ್ಪೇಸರ್ (ಚಕ್ರನ ಆಚೆಗೆ ತಳ್ಳೋ ಬಿಲ್ಲೆ) ಹಾಕಿ ಸರಿ ಮಾಡ್ತೀವಿ ಅನ್ನೋ ಮಾತಿಗೆ ಒಪ್ಕೋಬೇಡಿ, ಸರಿಯಾದ ಆಫ್‌ಸೆಟ್ ರಿಮ್ ಬರೋ ತನಕ ಎರಡು ವಾರ ಕಾದ್ರೂ ಪರವಾಗಿಲ್ಲ.

ಪಿಸಿಡಿ ಅಂದ್ರೆ ಎಷ್ಟು ಬೋಲ್ಟ್, ಅವು ಕೂರೋ ವೃತ್ತ ಎಷ್ಟು ಎಂಎಂ ಅಗಲ ಅನ್ನೋ ಲೆಕ್ಕ, ಸಿಟಿಗೆ 4×100, ಫೋಕ್ಸ್‌ವ್ಯಾಗನ್‌ನ ಹಳೇ ವೆಂಟೋಗೆ 5×100, ಇದು ಮ್ಯಾಚ್ ಆಗ್ದೆ ಇದ್ರೆ ಬೋಲ್ಟೇ ಕೂರಲ್ಲ. ಮಧ್ಯದ ತೂತು ಸಿಟಿಗೆ 56.1 ಎಂಎಂ, ವೆಂಟೋಗೆ 57.1. ಕಂಪನೀದಲ್ಲದ ಹೊರಗಿನ ಅಲಾಯ್‌ಗಳಲ್ಲಿ ಈ ತೂತು ದೊಡ್ಡದಿರುತ್ತೆ, ಆ ಗ್ಯಾಪಿಗೆ ಹಬ್ ರಿಂಗ್ ಕೇಳಿ ಹಾಕಿಸ್ಕೊಳಿ, ಇಲ್ಲಾಂದ್ರೆ ಬ್ಯಾಲೆನ್ಸಿಂಗ್ ಎಷ್ಟು ಮಾಡ್ಸಿದ್ರೂ ಹೈವೇಲಿ ಸ್ಟೇರಿಂಗ್ ನಡುಗೋದು ನಿಲ್ಲಲ್ಲ.

ನಾಲ್ಕೂ ಚಕ್ರಕ್ಕೆ ಹಾಕಿಸೋ ಮುಂಚೆ ಮುಂದೆ ಒಂದು, ಹಿಂದೆ ಒಂದು ಮಾತ್ರ ಹಾಕಿಸಿ ಪರೀಕ್ಷೆ ಮಾಡಿ. ಸ್ಟೇರಿಂಗ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ಫುಲ್ ಕಟ್ ಮಾಡಿ ಮುಂದಕ್ಕೂ ರಿವರ್ಸೂ ನಿಧಾನಕ್ಕೆ ಓಡಿಸಿ, ರಿವರ್ಸಲ್ಲಿ ಬಂಪರ್ ಮತ್ತೆ ಲೈನರ್ ಸೇರೋ ಮೂಲೆಗೆ ತಾಗೋದು ಜಾಸ್ತಿ. ಆಮೇಲೆ ಹಿಂದೆ ಮೂರು ಜನ ದೊಡ್ಡೋರ್ನ ಕೂರಿಸಿ, ಡಿಕ್ಕೀಲಿ ಒಂದೆರಡು ಅಕ್ಕಿ ಮೂಟೆ ಇಟ್ಟು, ಲೈನರ್ ಒಳಗೂ ಹಿಂದಿನ ಫೆಂಡರ್ ಅಂಚಿನ ಒಳಮೈಗೂ ಮಕ್ಕಳು ಆಡೋ ಕ್ಲೇ ಉಂಡೆ ಅಲ್ಲಲ್ಲಿ ಅಂಟಿಸಿ, ಹಂಪ್ ಇರೋ ರೋಡಲ್ಲಿ ಒಂದು ರೌಂಡ್ ಹೊಡ್ಕೊಂಡು ಬನ್ನಿ. ಉಂಡೆ ಎಲ್ಲಿ ಚಪ್ಪಟೆ ಆಗಿದ್ಯೋ ಅಲ್ಲಿ ಜಾಗ ಅಷ್ಟೇ ಉಳಿದಿರೋದು. ಎಲ್ಲಾದ್ರೂ ಪೂರ್ತಿ ಒರೆಸಿ ಹೋಗಿದ್ರೆ ಟೈರ್ ಅಲ್ಲಿ ತಾಗ್ತಿದೆ ಅಂತಾನೇ ಅರ್ಥ. ಟೈರನ್ನೂ ನೋಡಿ, ಹೊರಗಿನ ಭುಜ ಮಿಂಚ್ತಿದ್ರೆ ಫೆಂಡರಿಗೆ ತಾಗಿದೆ, ಒಳಗಿನ ಸೈಡ್‌ವಾಲಲ್ಲಿ ಸುತ್ತಾ ಗೆರೆ ಬಿದ್ದಿದ್ರೆ ಸ್ಟ್ರಟ್ಟಿಗೆ ತಾಗಿದೆ, ಈ ಎರಡನೇದು ಟೈರನ್ನ ಸೀಳಿಬಿಡುತ್ತೆ, ಗಾಡಿ ಮನೆ ತನಕಾನೂ ಓಡಿಸ್ಬೇಡಿ.

ಲೈನರಿಗೆ ಒಂಚೂರು ಮಾತ್ರ ತಾಗ್ತಿದ್ರೆ ಮುರಿದಿರೋ ಕ್ಲಿಪ್ ಬದಲಾಯಿಸಿ, ಪ್ಲಾಸ್ಟಿಕ್ಕನ್ನ ಹೀಟ್ ಗನ್ನಲ್ಲಿ ಬಿಸಿ ಮಾಡಿ ಒಳಗೆ ಒತ್ತಿದ್ರೆ ಸರಿಹೋಗುತ್ತೆ. ಹಿಂದಿನ ಫೆಂಡರ್ ಅಂಚು ಮಡಚಿಸೋದು ಕೊನೇ ದಾರಿ, ಬಿಸಿ ಮಾಡ್ದೆ ಮಡಚಿದ್ರೆ ಪೇಂಟ್ ಬಿರುಕು ಬಿಟ್ಟು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತೆ. ಸ್ಪ್ರಿಂಗ್ ಮಧ್ಯೆ ರಬ್ಬರ್ ಬಫರ್ ಹಾಕಿ ಉಜ್ಜೋದು ನಿಲ್ಲಿಸೋ ಉಪಾಯ ನನಗೆ ಇಷ್ಟ ಇಲ್ಲ, ಸಸ್ಪೆನ್ಷನ್ ಗಟ್ಟಿಯಾಗಿ ಹಿಂದೆ ಕೂರೋ ಅಪ್ಪ ಅಮ್ಮನ ಸೊಂಟ ಹೋಗುತ್ತೆ. ಟೈರ್ ಬಾಡಿಯಿಂದ ಆಚೆ ಕಾಣ್ತಿದ್ರೆ ಅದನ್ನೂ ಬಿಟ್ಬಿಡಿ. ಗಾಡಿ ಕಂಪನಿ ಸ್ಪೆಸಿಫಿಕೇಶನ್‌ನಿಂದ ಬೇರೆ ಆಗೋ ಹಾಗೆ ಬದಲಾಯಿಸೋ ಹಾಗಿಲ್ಲ ಅಂತ ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಇದೆ, ಆದಷ್ಟೂ ಅದೇ ಮಾಡೆಲಿನ ಟಾಪ್ ವೇರಿಯಂಟ್ ಸೈಜಿಗೆ ನಿಲ್ಲೋದು ಸೇಫ್, ಇನ್ಶೂರೆನ್ಸ್‌ನೋರಿಗೂ ತಿಳಿಸಿ.

ನಟ್ ವಿಷಯ. ಹೋಂಡಾ ಕಂಪನಿ ರಿಮ್ಮಿಗೆ ಬರೋ ನಟ್ಟಿನ ತುದಿ ಗುಂಡಗಿರುತ್ತೆ, ಹೊರಗಿನ ಅಲಾಯ್‌ಗೆ ಸಾಮಾನ್ಯವಾಗಿ ಕೋನ್ ಆಕಾರದ್ದು ಬೇಕು. ತಪ್ಪು ನಟ್ ಹಾಕಿದ್ರೆ ಟೈಟ್ ಆದಂಗೆ ಕಂಡ್ರೂ ಓಡ್ತಾ ಓಡ್ತಾ ಸಡಿಲ ಆಗುತ್ತೆ. ಸಿಟಿಗೆ ಟಾರ್ಕ್ 108 ನ್ಯೂಟನ್ ಮೀಟರ್, ಏರ್ ಗನ್ನಲ್ಲೇ ಮುಗಿಸ್ದೆ ಟಾರ್ಕ್ ರೆಂಚಲ್ಲಿ ಕೈಯಾರೆ ಟೈಟ್ ಮಾಡ್ಸಿ, ಎದುರುಬದುರು ನಟ್ ಕ್ರಮದಲ್ಲಿ. ಬೆಂಗಳೂರಿಗೆ ಒಂದ್ಸಲ ಹೋಗಿ ಬಂದ್ಮೇಲೆ ಇನ್ನೊಂದ್ಸಲ ಚೆಕ್ ಮಾಡ್ಸಿ. ಅಲೈನ್‌ಮೆಂಟ್ ಹೊಸ ಟೈರ್ ಮೇಲೇ ಆಗ್ಬೇಕು. ಹಳೇ ಗುಂಡು ನಟ್ಟುಗಳನ್ನ ಅಂಗಡೀಲೇ ಬಿಟ್ಟು ಬರ್ಬೇಡಿ, ಸ್ಟೆಪ್ನಿ ಕಂಪನಿ ರಿಮ್ಮಲ್ಲೇ ಇರುತ್ತಲ್ಲ, ರಾತ್ರಿ ಕ್ಯಾತ್ಸಂದ್ರ ಟೋಲ್ ಹತ್ರ ಪಂಕ್ಚರ್ ಆದ್ರೆ ಅದಕ್ಕೆ ಆ ನಟ್ಟೇ ಬೇಕು, ಒಂದು ಕವರಲ್ಲಿ ಕಟ್ಟಿ ಜಾಕಿ ಪಕ್ಕ ಇಟ್ಟಿರಿ.