ಮೂತ್ರದಲ್ಲಿ ಹಿಸ್ಟಮಿನ್: ಕೊನೆಗೂ ನಂಬುವಂಥ ರೀಡಿಂಗ್ ಬಂತು

ಮಂಗಳೂರಿನ ನಮ್ಮ ಸಣ್ಣ ಲ್ಯಾಬ್‌ನಲ್ಲೇ ಮೂತ್ರದ ಹಿಸ್ಟಮಿನ್ (ಅಲರ್ಜಿಯಲ್ಲಿ ದೇಹ ಬಿಡುವ ರಾಸಾಯನಿಕ) ಟೆಸ್ಟ್ ಮಾಡುತ್ತೇನೆ ಎಂದಾಗ ನಕ್ಕವರೇ ಜಾಸ್ತಿ. ‘ಹೊರಗೆ ಕಳಿಸಿ ಸುಮ್ನಿರಿ ಮಾರಾಯ್ರೇ’ ಎಂದರು. ಈಗ ಅವರ ಸ್ಯಾಂಪಲ್‌ಗಳೂ ನಮ್ಮಲ್ಲಿಗೇ ಬರುತ್ತಿವೆ.

ಮೊದಲು ಹಿಡಿದದ್ದು ಹಳೇ ದಾರಿ. ಹಿಸ್ಟಮಿನ್ನನ್ನು ಬ್ಯುಟನಾಲ್ ಎಂಬ ದ್ರಾವಕಕ್ಕೆ ಎಳೆದು, ಆ್ಯಸಿಡ್‌ಗೆ ವಾಪಸ್ ತಂದು, ಒಪಿಎ (ಹಿಸ್ಟಮಿನ್ ಜೊತೆ ಸೇರಿ ಹೊಳೆಯುವ ರಾಸಾಯನಿಕ) ಹಾಕಿ ಹೊಳಪು ಅಳೆಯುವ ಫ್ಲೋರಿಮೀಟರ್‌ನಲ್ಲಿ ಓದುವುದು. ಖರ್ಚು ಕಡಿಮೆ. ಆದರೆ ಮೂತ್ರದಲ್ಲಿ ಒಪಿಎಗೆ ಹೊಳೆಯುವುದು ಹಿಸ್ಟಮಿನ್ ಒಂದೇ ಅಲ್ಲ. ಸ್ಪರ್ಮಿಡಿನ್, ಅಮೋನಿಯಾ ಎಲ್ಲಾ ತಲೆ ಹಾಕುತ್ತವೆ. ಆರೋಗ್ಯವಂತರಿಗೂ ಹೈ ರಿಪೋರ್ಟ್! ಬ್ಯುಟನಾಲ್ ವಾಸನೆ ಬೇರೆ.

ಎಲೈಸಾಗೆ (ಆ್ಯಂಟಿಬಾಡಿ ಬಳಸಿ ಬಣ್ಣದಿಂದ ಅಳೆಯುವ ಟೆಸ್ಟ್) ಬಂದ ಮೇಲೆ ಕತ್ತರಿ ಬಿದ್ದದ್ದು ಜೇಬಿಗೆ. ಹೊರದೇಶದ ಕಿಟ್, ಅರವತ್ತು ಸಾವಿರದ ಆಸುಪಾಸು. ಪ್ಲೇಟ್‌ನಲ್ಲಿ 96 ವೆಲ್ (ಸಣ್ಣ ಗುಳಿ) ಇದೆಯೆಂದು ಖುಷಿಪಡಬೇಡಿ. ಅಳತೆಗೆ ಆರು ಸ್ಟ್ಯಾಂಡರ್ಡ್, ತಾಳೆ ನೋಡಲು ಎರಡು ಕಂಟ್ರೋಲ್, ಎಲ್ಲವೂ ಡ್ಯೂಪ್ಲಿಕೇಟ್. 16 ವೆಲ್ ಅಲ್ಲೇ ಹೋಯಿತು. ಒಂದೇ ಸಲಕ್ಕೆ ಪ್ಲೇಟ್ ತುಂಬಿಸಿದರೆ 40 ಪೇಷಂಟ್, ತಲಾ 1500 ರೂಪಾಯಿ. ಸ್ಟ್ರಿಪ್ ಮುರಿದು ನಾಲ್ಕು ಸಲ ಓಡಿಸಿದರೆ, ಪ್ರತಿ ಸಲವೂ ಆ 16 ವೆಲ್ ಹೋಗಿ, ಬರೀ 16 ಪೇಷಂಟ್, ತಲಾ 3750. ಡಾಕ್ಟರುಗಳು ಅವಸರ ಮಾಡಿದಾಗೆಲ್ಲ ಈ ಲೆಕ್ಕ ಒಪ್ಪಿಸುತ್ತೇನೆ. ಪ್ಲೇಟ್ ತುಂಬುವವರೆಗೆ ಆ್ಯಸಿಡ್ ಹಾಕಿದ ಸ್ಯಾಂಪಲ್ ಮೈನಸ್ 20ರಲ್ಲಿ ಆರಾಮಾಗಿ ಕಾಯುತ್ತದೆ.

ನಿಜವಾದ ತಲೆನೋವು ಪ್ಲೇಟ್‌ನಲ್ಲಿ ಇರಲಿಲ್ಲ, ಮೂತ್ರ ತರುವ ಕ್ಯಾನ್‌ನಲ್ಲಿತ್ತು. ಒಬ್ಬರ ಎರಡೂ ವೆಲ್ ಬಣ್ಣವೇ ಇಲ್ಲದೆ ನೀರಿನ ಹಾಗೆ ಕೂತಿದ್ದವು. ಕಾಂಪಿಟಿಟಿವ್ ಎಲೈಸಾದಲ್ಲಿ ಬಣ್ಣ ಕಡಿಮೆಯಾದಷ್ಟೂ ಹಿಸ್ಟಮಿನ್ ಜಾಸ್ತಿ ಎಂದರ್ಥ. ಡಾಕ್ಟರಿಗೆ ಮಾಸ್ಟ್ ಸೆಲ್ (ಹಿಸ್ಟಮಿನ್ ಬಿಡುವ ಜೀವಕೋಶ) ಕಾಯಿಲೆಯ ಅನುಮಾನ. ನನಗೆ ಕ್ಯಾನ್ ಮೇಲೆ ಅನುಮಾನ, ಮೂಗಿಗೇ ಹೊಡೆಯುತ್ತಿತ್ತು. ಕಲ್ಚರ್‌ಗೆ ಹಾಕಿಸಿದರೆ ಬ್ಯಾಕ್ಟೀರಿಯಾ ಭರ್ತಿ. ಮಾರ್ಗನೆಲ್ಲಾದಂಥವು ಮೂತ್ರದ ಹಿಸ್ಟಿಡಿನ್ (ಒಂದು ಅಮೈನೋ ಆ್ಯಸಿಡ್) ತಿಂದು ಹಿಸ್ಟಮಿನ್ ಮಾಡಿ ಕೊಡುತ್ತವೆ. ಅದೇ ಪೇಷಂಟ್‌ನ ಹೊಸ ಮೂತ್ರವನ್ನು ಎರಡು ಬಾಟಲಿಗೆ ಹಂಚಿದೆ. ಒಂದು ಆ್ಯಸಿಡ್ ಹಾಕಿ ಫ್ರಿಜ್‌ಗೆ, ಇನ್ನೊಂದು ಹಾಗೇ ಟೇಬಲ್ ಮೇಲೆ. ಬೆಳಗ್ಗೆ ಟೇಬಲ್‌ನದ್ದು ಮೂರೋ ನಾಲ್ಕೋ ಪಟ್ಟು ಮೇಲೆ. ಫ್ರಿಜ್‌ನದ್ದು ನಾರ್ಮಲ್.

ಅಂದಿನಿಂದ ಆ್ಯಸಿಡ್ ಹಾಕಿದ ಕ್ಯಾನ್ ನಾವೇ ಕೊಡುತ್ತೇವೆ, ಜೊತೆಗೆ ಐಸ್ ಪೆಟ್ಟಿಗೆ. 24 ಗಂಟೆಯ ಮೂತ್ರ ಪೂರ್ತಿ ತರುವವರು ಕಡಿಮೆ, ಹಾಗಾಗಿ ಮೂತ್ರದಲ್ಲಿ ಹೆಚ್ಚುಕಡಿಮೆ ಒಂದೇ ಸಮನೆ ಹೋಗುವ ಕ್ರಿಯಾಟಿನಿನ್‌ಗೆ ಭಾಗಿಸಿಯೇ ರಿಪೋರ್ಟ್. ಮೊದಲು ಶೇಕಡಾ ಅರವತ್ತು ಚಿಲ್ಲರೆ ಇದ್ದ ಸ್ಪೈಕ್ ರಿಕವರಿ (ನಾವೇ ಬೆರೆಸಿದ ಹಿಸ್ಟಮಿನ್‌ನಲ್ಲಿ ರೀಡಿಂಗ್‌ನಲ್ಲಿ ವಾಪಸ್ ಸಿಗುವ ಪಾಲು) ಈಗ ತೊಂಬತ್ತರ ಮೇಲಿದೆ. ಅಸೈಲೇಷನ್‌ಗೆ (ಆ್ಯಂಟಿಬಾಡಿ ಗುರುತಿಸುವಂತೆ ಹಿಸ್ಟಮಿನ್ನನ್ನು ಮಾರ್ಪಡಿಸುವ ಹಂತ) ಮುಂಚೆ ಮಾಡುವ ಒಂದು ಸಣ್ಣ ಕೆಲಸವೂ ಇದಕ್ಕೆ ಕಾರಣ. ಅದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಹೊಟ್ಟೆಪಾಡೂ ನಡೆಯಬೇಕಲ್ವಾ?

ನಡುವೆ ನನ್ನ ಮೇಲೇ ಒಂದು ಪ್ರಯೋಗ ಮಾಡಿಕೊಂಡೆ. ಒಂದು ದಿನ ಗಂಜಿ, ತೆಂಗಿನ ಚಟ್ನಿ. ಇನ್ನೊಂದು ದಿನ ಒಣಮೀನು, ರಾತ್ರಿಗೆ ಬಂಗುಡೆ ಪುಳಿಮುಂಚಿ. ಎರಡನೇ ದಿನದ್ದು ಹೆಚ್ಚುಕಡಿಮೆ ದುಪ್ಪಟ್ಟು. ಈಗ ಚೀಟಿಯಲ್ಲಿ ‘ಮೀನು ಬೇಡ’ ಎಂದು ಬರೆದರೆ, ‘ಬರೀ ಸಾರು ಆಗಬಹುದಾ?’ ಎಂದು ಚೌಕಾಸಿ ಮಾಡುತ್ತಾರೆ. ಹಿಸ್ಟಮಿನ್ ಕುದಿಸಿದರೂ ಹೋಗುವುದಿಲ್ಲ, ಸಾರಿನಲ್ಲೂ ಇರುತ್ತದೆ.

ಮುಂದಿನ ಕಿಟ್ ಮೀಥೈಲ್ ಹಿಸ್ಟಮಿನ್‌ನದ್ದು. ಅದು ನಮ್ಮ ದೇಹದ ಎಂಜೈಮ್‌ನಿಂದ ಆಗುವಂಥದ್ದು, ಕ್ಯಾನ್‌ನ ಬ್ಯಾಕ್ಟೀರಿಯಾ ಕಾಟ ಕಡಿಮೆ. ರೇಟ್ ಮಾತ್ರ ಇನ್ನೂ ಜಾಸ್ತಿ. ಉಡುಪಿ ಕಡೆಯ ಯಾರಾದರೂ ಅರ್ಧ ಪ್ಲೇಟ್ ಹಂಚಿಕೊಳ್ಳುವುದಾದರೆ ನಾನು ತಯಾರು.